ಕಾವ್ಯಾಳ ಕಾರ್ಡಿನಲ್ಲಿ ದಿಲಿನಿ

ಕಳೆದ ವರ್ಷ ನಾನು ಯಲಹಂಕದಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ಸಂಯೋಜಕಿಯಾಗಿದ್ದೆ. ವಿನಿಮಯ ಕಾರ್ಯಕ್ರಮದಡಿ ಒಂದು ಸೆಮಿಸ್ಟರಿಗೆ ಬರುವ ವಿದೇಶಿ ವಿದ್ಯಾರ್ಥಿಗಳು ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಆರೋಗ್ಯ ವಿಮೆ ಮಾಡಿಸಿರಬೇಕು. ಅದು ಕ್ಯಾಶ್‌ಲೆಸ್ ಆಗಿರಬೇಕು, ಅಂದರೆ ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟಬೇಕು. ಇಲ್ಲದಿದ್ದರೆ ನೋಂದಣಿ ಇಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಈ ನಿಯಮ ಕಂಡರೆ ಆಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಮಕ್ಕಳನ್ನು ಬಾಗಿಲಲ್ಲೇ ತಡೆದು ವಿಮೆ ಕೇಳುವುದು ಎಂಥ ಆತಿಥ್ಯ ಎಂದು ಸಭೆಯಲ್ಲೇ ಕೇಳಿದ್ದೆ. ನಮ್ಮ ನಿರ್ದೇಶಕರು, "ವಾದ ಚೆನ್ನಾಗಿದೆ ಕಣಮ್ಮ. ನಿಯಮ ಹಾಗೇ ಇರ್ಲಿ" ಎಂದು ಕಾಫಿ ತರಿಸಿದ್ದರು.

ಆ ಸಲ ಕೊಲಂಬೊದಿಂದ ಬಂದ ದಿಲಿನಿ ರಾಜಾನುಕುಂಟೆಯ ರತ್ನಮ್ಮನವರ ಮಹಡಿಯಲ್ಲಿ ಬಾಡಿಗೆಗಿದ್ದಳು. ಹೊಲವಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿರುವ ರತ್ನಮ್ಮ ಬಾಡಿಗೆಯವರಿಗೂ ಮುದ್ದೆ, ಸಾರು ಕಳಿಸುವವರು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ದಿಲಿನಿಗೆ ಒಟ್ಟೆನೋವು, ಅಪೆಂಡಿಕ್ಸ್ ಅಂತೆ. ಆಪರೇಸನ್ ಮಾಡ್ತಾರೆ. ನೀನ್ ಗಾಬ್ರಿ ಆಗ್ಬೇಡ, ಎಲ್ಲಾ ನೋಡ್ಕಂಡಿವ್ನಿ."

ಏನು ನೋಡಿಕೊಂಡಿದ್ದರು ಎಂಬುದು ಆಸ್ಪತ್ರೆಗೆ ಹೋದಾಗ ತಿಳಿಯಿತು. ದಿಲಿನಿಯ ಮಣಿಕಟ್ಟಿನ ಪಟ್ಟಿಯಲ್ಲಿ ರತ್ನಮ್ಮನವರ ಮಗಳು ಕಾವ್ಯಾಳ ಹೆಸರಿತ್ತು! ವಿದೇಶಿಯೆಂದರೆ ತಡಮಾಡುತ್ತಾರೆಂದು ಹೆದರಿ, ಮಗಳ ಆಧಾರ್ ಮತ್ತು ಮನೆಯವರ ವಿಮೆ ಕಾರ್ಡ್ ಕೊಟ್ಟು ಸೇರಿಸಿಬಿಟ್ಟಿದ್ದರು. ಕಾವ್ಯಾಳದೇ ವಯಸ್ಸಿನ, ಹೆಚ್ಚುಕಡಿಮೆ ಅವಳದೇ ಚಹರೆಯ ದಿಲಿನಿಯ ಮುಖ ನೋಡಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ರತ್ನಮ್ಮನವರೇ ಉತ್ತರಿಸಿದ್ದರು.

"ಆಂಟಿ, ಇದು ಮೋಸ ಆಗುತ್ತೆ. ಕೌಂಟರಲ್ಲಿ ನಿಜ ಹೇಳ್ಬಿಡೋಣ."

"ಎಂತಾ ಮೋಸ? ನಮ್ಮನೇಲಿ ಉಂಡ್ಮೇಲೆ ನಮ್ಮ ಮಗಳೇ ಕಣಮ್ಮ. ನಿಮ್ ಆಪೀಸ್ನೋರು ಸಹಿ, ಸೀಲು ಅಂತ ಕುಂತ್ರೆ ಇವಳ ಒಟ್ಟೆ ಕಾಯ್ತದಾ?"

ಅದು ಹೆಚ್ಚುಕಡಿಮೆ ಸಭೆಯಲ್ಲಿ ನಾನೇ ಮಂಡಿಸಿದ್ದ ವಾದ. ರತ್ನಮ್ಮ ನನಗಿಂತ ಚೆನ್ನಾಗಿ ಮಂಡಿಸಿದರು. ಕಾನೂನು ಎಂದೆ. "ನಾನ್ ನೋಡ್ಕತೀನಿ ಬಿಡು" ಎಂದರು. ಅಷ್ಟರಲ್ಲಿ ಸ್ಟ್ರೆಚರಿನ ಮೇಲಿದ್ದ ದಿಲಿನಿ ನನ್ನ ಕೈ ಹಿಡಿದು, ತನಗೆ ಪೆನಿಸಿಲಿನ್ ಆಗುವುದಿಲ್ಲವೆಂದು ಇಲ್ಲಿಯ ಡಾಕ್ಟರಿಗೆ ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ರತ್ನಮ್ಮನವರ ಕಡೆ ತಿರುಗಿದೆ. "ಕಾವ್ಯಂಗೆ ಪೆನಿಸಿಲಿನ್ ಆಗುತ್ತಾ ಆಂಟಿ?"

"ಇಲ್ಲೇ ಎಷ್ಟೋ ಸಲ ಕೊಟ್ಟವ್ರೆ. ಯಾಕೆ?"

"ಇವಳಿಗೆ ಆಗಲ್ಲ. ಕೊಟ್ರೆ ಉಸಿರೇ ಕಟ್ಟಬಹುದು. ಡಾಕ್ಟರು ನೋಡೋದು ಕಾವ್ಯನ ಫೈಲು."

ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗಿಂತ ಮೊದಲೇ ನರ್ಸ್ ಮುಂದೆ ಹೋಗಿ ನಿಂತರು. "ಅವ್ಳು ನನ್ನ ಮಗಳಲ್ಲ ಸಿಸ್ಟರ್" ಎಂದರು.

ಔಷಧಿ ಇನ್ನೂ ಶುರುವಾಗಿರಲಿಲ್ಲ. ಆಸ್ಪತ್ರೆಯವರು ಬೈದರು, ಇಬ್ಬರೂ ಬೈಸಿಕೊಂಡೆವು. ಹಳೆಯ ಪಟ್ಟಿ ಕತ್ತರಿಸಿ ಹೊಸದು ಕಟ್ಟಿದರು. ನಾನು ಫೋನ್ ಮಾಡಿದೊಡನೆ ನಿರ್ದೇಶಕರು ವಿಮಾ ಕಂಪನಿಯ ಬೆನ್ನು ಹತ್ತಿ, ಥಿಯೇಟರ್ ಸಿದ್ಧವಾಗುವಷ್ಟರಲ್ಲಿ ದಿಲಿನಿಯ ಹೆಸರಿಗೇ ಒಪ್ಪಿಗೆ ತರಿಸಿದರು. ಆಪರೇಷನ್ ಸಲೀಸಾಗಿ ಮುಗಿಯಿತು.

ವಿಮೆಯ ಷರತ್ತುಗಳಲ್ಲಿ ಅರ್ಧ ಅನಗತ್ಯವೆಂದು ನಾನು ಈಗಲೂ ವಾದಿಸುತ್ತೇನೆ. ಪಾಸ್‌ಪೋರ್ಟಿನ ಹೆಸರಿನ ಷರತ್ತು ಬಂದಾಗ ಮಾತ್ರ ಸುಮ್ಮನಾಗುತ್ತೇನೆ. ಪ್ರೀತಿಯಿಂದ ಯಾರನ್ನಾದರೂ ಮಗಳೆನ್ನಬಹುದು. ಆದರೆ ಸೂಜಿ ಹಿಡಿದವರಿಗೆ ಅವಳು ಯಾರೆಂದು ಸರಿಯಾಗಿ ಗೊತ್ತಿರಬೇಕು.

ಈ ವರ್ಷ ರತ್ನಮ್ಮನವರ ಮಹಡಿಗೆ ನೇಪಾಳದ ಹುಡುಗಿ ಬಂದಿದ್ದಾಳೆ. ಅವಳು ಲಗೇಜ್ ಇಳಿಸುವ ಮೊದಲೇ ರತ್ನಮ್ಮ ಕಾವ್ಯಾಳನ್ನು ಕರೆದು ಇಂಗ್ಲಿಷಿನಲ್ಲಿ ಕೇಳಲು ಹೇಳಿದರಂತೆ: "ಊಟ ಆಮೇಲೆ. ಅವಳ ಮೈಗೆ ಯಾವ್ ಔಸ್ದಿ ಆಗಲ್ಲ, ಮೊದ್ಲು ಅದ್ ಕೇಳು."