ಬುರುಡೆ ಮಾವ ನುಂಗಿದ ಮಾತ್ರೆಗಳು

ನಮ್ಮ ಸೋದರಮಾವನನ್ನು ಬೀದಿಯೆಲ್ಲ ಬುರುಡೆ ಮಾವ ಎಂದೇ ಕರೆಯುತ್ತಿತ್ತು. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದು ಅವನ ಕಸುಬು. ಬುರುಡೆ ಬಿಡುವುದು ಹವ್ಯಾಸ. ತಾನು ಹೊಲಿದ ಹಾಸಿಗೆಯಿಂದ ಜಡ್ಜೊಬ್ಬರು ಏಳಲಾಗದೆ ಕೋರ್ಟಿಗೇ ರಜೆ ಕೊಟ್ಟರು ಎಂದು, ನಗು ತಡೆದುಕೊಂಡು ಹೇಳುತ್ತಿದ್ದ. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಂಬುವವರು ಮಾತ್ರ ಯಾರೂ ಇರಲಿಲ್ಲ.

ಕೆಮ್ಮು ಶುರುವಾದಾಗ ಎಲ್ಲರೂ ಹತ್ತಿಯ ಧೂಳಿನ ಮೇಲೆ ಗೂಬೆ ಕೂರಿಸಿದರು. ಆ ಕಸುಬಿನವರು ಕೆಮ್ಮದಿದ್ದರೇ ಆಶ್ಚರ್ಯವಲ್ಲವೇ? ಕಫದಲ್ಲಿ ರಕ್ತ ಕಂಡ ಮೇಲೆ ಅತ್ತೆ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಗಾಜಿನ ತುಂಡಿಗೆ ಕಫ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಟಿಬಿ ಎಂದರು. ಮಾತ್ರೆ ಕೊಟ್ಟು ಕಳಿಸಿದರು.

ತಿಂಗಳುಗಳು ಕಳೆದರೂ ಮಾವ ಸೊರಗುತ್ತಲೇ ಹೋದ.

"ಸರಿಯಾಗಿ ತಗೊಂಡಿದ್ರೆ ಇಷ್ಟೊತ್ತಿಗೆ ವಾಸಿ ಆಗ್ಬೇಕಿತ್ತು. ನೀವು ಮಾತ್ರೆ ಬಿಸಾಕ್ತಿದೀರ," ಎಂದು ನರ್ಸಮ್ಮ ಎಲ್ಲರೆದುರು ಗದರಿದಳು. ಅವಳ ಆ ಮಾತಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂದಿನಿಂದ ಅತ್ತೆ ಕಾವಲಿಗೆ ನಿಂತಳು. ಎದುರಿಗೇ ನುಂಗಿಸಿ, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದಳು. ಆಮೇಲೂ ಅವನು ಹಿತ್ತಲಿಗೆ ಹೋದರೆ, ಉಗುಳಿ ಬರಲು ಹೋದನೆಂದೇ ಹಿಂದೆ ಓಡುತ್ತಿದ್ದಳು.

"ನಿನ್ನಾಣೆ, ಒಂದೂ ಬಿಟ್ಟಿಲ್ಲ ಕಣೇ."

"ನಿಮ್ಮ ಆಣೆ ಎಷ್ಟು ಕೇಳಿಲ್ಲ ನಾನು! ಬದುಕೋ ಆಸೆ ಇಲ್ವಾ ನಿಮಗೆ?"

ಮಾತಿನ ಮಲ್ಲನ ಬಾಯಲ್ಲಿ ಕೊನೆಗೆ ಆ ಒಂದೇ ಮಾತು ಉಳಿಯಿತು. ಅದೂ ಬುರುಡೆಯ ಲೆಕ್ಕಕ್ಕೆ ಹೋಯಿತು.

ಆಸ್ಪತ್ರೆಗೆ ಹೊಸ ಯಂತ್ರ ಬಂತು. ಬೆಳಿಗ್ಗೆ ಕಫ ಕೊಟ್ಟರೆ, ರೋಗಾಣು ಇದೆಯೇ, ಅದು ಮುಖ್ಯ ಔಷಧಿಗೆ ಬಗ್ಗುತ್ತದೆಯೇ ಎಂಬುದೆಲ್ಲ ಮಧ್ಯಾಹ್ನದೊಳಗೆ ಗೊತ್ತಾಗುತ್ತಿತ್ತು. ಮಾವನ ಕಫವನ್ನೂ ಅದಕ್ಕೆ ಹಾಕಿದರು. ಫಲಿತಾಂಶ ಬಂದಾಗ ಡಾಕ್ಟರಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

"ನಿಮಗಿರೋದು ಆ ಮಾತ್ರೆಗೆ ಜಗ್ಗದ ಟಿಬಿ. ಬೇರೆ ಔಷಧಿ ಬೇಕು. ಆದ್ರೆ ಶ್ವಾಸಕೋಶ ತುಂಬಾ ಹಾಳಾಗಿದೆ."

"ಅಂದ್ರೆ ನಾನು ನುಂಗಿದ್ದು ನಿಜ ಅಂತ ಮಷೀನು ಹೇಳ್ತಾ?"

"ಮಷೀನು ಅದನ್ನ ಹೇಳಲ್ಲ. ಆದ್ರೆ ಒಂದೂ ಬಿಡದೆ ನುಂಗಿದ್ರೂ ಇದು ಹೋಗ್ತಿರ್ಲಿಲ್ಲ. ಮೊದಲೇ ಇಂಥದ್ದೇ ಅಂಟಿರಬಹುದು. ನಾನು ನಿಮ್ಮನ್ನ ನಂಬ್ತೀನಿ."

ಮಾವ ತೊಡೆ ತಟ್ಟಿ ನಕ್ಕ. ಕೆಮ್ಮು ಒತ್ತರಿಸಿಕೊಂಡು ಬಂದರೂ ನಕ್ಕ. "ಕೇಳಿದ್ಯೇನೇ? ಡಾಕ್ಟ್ರೇ ಹೇಳಿದ್ರು!" ತನ್ನ ಸಾವಿನ ಸುದ್ದಿ ಕೇಳಿ ಅಷ್ಟು ಹಿಗ್ಗಿದವನನ್ನು ನಾನು ಬೇರೆ ಕಂಡಿಲ್ಲ. ಗೇಟಿನ ಕಾವಲುಗಾರನನ್ನೂ ಬಿಡದೆ ಹೇಳಿಕೊಂಡು ಬಂದ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ಹಿಂದೆ ನಡೆದಳು. ನನಗೆ ಅವರಿಬ್ಬರನ್ನೂ ನೋಡಲಾಗಲಿಲ್ಲ.

ಹೊಸ ಔಷಧಿ ಶುರುವಾಯಿತು, ಆದರೆ ಹೊತ್ತು ಮೀರಿತ್ತು. ಮಳೆಗಾಲ ಮುಗಿಯುವ ಮೊದಲೇ ಮಾವ ಹೋದ.

ಮಾತಾಡಿಸಲು ಬಂದ ನೆರೆಯವನೊಬ್ಬ ನಿಟ್ಟುಸಿರು ಬಿಟ್ಟ. "ಪಾಪ, ಮಾತ್ರೆ ನೆಟ್ಟಗೆ ತಗೊಂಡಿದ್ರೆ ಉಳ್ಕೋತಿದ್ದ."

ಮೂಲೆಯಲ್ಲಿ ಮುದುಡಿ ಕೂತಿದ್ದ ಅತ್ತೆ ಎದ್ದು ನಿಂತಳು.

"ತಗೊಂಡಿದ್ರು. ಒಂದೂ ಬಿಡದೆ ತಗೊಂಡಿದ್ರು," ಎಂದಳು. "ನಾನು ನಂಬ್ಲಿಲ್ಲ."