ವಿಶಾಲತ್ತೆಯ ಅಕ್ಕಿಹಿಟ್ಟು

ಕುಕ್ಕರಿನದೋ ಮಿಕ್ಸಿ ಜಾರಿನದೋ, ಮುರಿದ ಹಿಡಿಯನ್ನು ಯಾರೇ ತಂದರೂ ವಿಶಾಲತ್ತೆ ಮೊದಲು ಅದನ್ನು ನೋಡುತ್ತಿರಲಿಲ್ಲ, ತಂದವರ ಅಂಗೈ ನೋಡುತ್ತಿದ್ದರು. ಆಮೇಲೆ ಮುರಿದ ತುಂಡನ್ನು ದಾರದಿಂದ ಬಿಗಿದು, ಆ ಅಂಗೈಗೆ ಒಂದು ಚಿಟಿಕೆ ಅಕ್ಕಿಹಿಟ್ಟು ಸವರಿ, "ಹ್ಞೂಂ, ದಿನಾ ಎತ್ತೋ ಹಾಗೇ ಎತ್ತು" ಅನ್ನುತ್ತಿದ್ದರು. ಕಪ್ಪು ಹಿಡಿಯ ಮೇಲೆ ಬೆರಳುಗಳು ಬೆಳ್ಳಗೆ ಮೂಡುತ್ತಿದ್ದವು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಆ ಗುರುತುಗಳನ್ನು ಓದಿದ ಮೇಲಷ್ಟೇ ಸ್ಕ್ರೂಡ್ರೈವರ್ ಕೈಗೆ ಬರುತ್ತಿತ್ತು.

ನನಗಿದು ಶುದ್ಧ ಮಂತ್ರವಾದವಾಗಿ ಕಾಣುತ್ತಿತ್ತು. ಆಗ ನನಗೆ ಹತ್ತೊಂಬತ್ತು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಟೀವಿಯ ಮೇಲೆ ಜಾಗ ಸಾಲದೆ ಫ್ರಿಜ್ಜಿನ ಮೇಲೇರಿದ್ದವು. ಪುರಾವೆಯಿಲ್ಲದ ಯಾವುದನ್ನೂ ಒಪ್ಪಬಾರದು ಎಂದು ಈಗಲೂ ನಂಬುತ್ತೇನೆ. ಆದ್ದರಿಂದ ಮೊದಲೇ ಹೇಳಿಬಿಡುವುದು ನ್ಯಾಯ: ಅಮ್ಮನ ಬಲಗೈ ಉಳಿದದ್ದು ಆ ಚಿಟಿಕೆ ಹಿಟ್ಟಿನಿಂದ, ನನ್ನ ತರ್ಕದಿಂದಲ್ಲ.

ವಿಶಾಲತ್ತೆ ಅಪ್ಪನ ಅಕ್ಕ. ಮೈಸೂರಿನವರು, ರೈಲ್ವೆ ಫಿಟ್ಟರನ್ನು ಮದುವೆಯಾಗಿ ಮದ್ರಾಸಿಗೆ ಬಂದವರು. ಮಾವ ತೀರಿಕೊಂಡಾಗ ಒಡವೆಗಿಂತ ಮೊದಲು ಅವರ ಟೂಲ್ಸ್ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಬೆಸೆಂಟ್ ನಗರದಲ್ಲಿ ನಮ್ಮ ಕೆಳಗಿನ ಮನೆ ಅವರದು. ಕಡಲಗಾಳಿಗೆ ಅಲ್ಲಿ ಕಬ್ಬಿಣವೆಲ್ಲ ತುಕ್ಕು. "ಈ ಊರಲ್ಲಿ ಸ್ಕ್ರೂಗೆ ಆಯಸ್ಸು ಕಮ್ಮಿ, ನಂಗೆ ಜಾಸ್ತಿ" ಎಂದು ನಗುತ್ತಿದ್ದರು.

ನಾನು ಕೆಣಕುತ್ತಿದ್ದೆ. "ಲಕ್ಷ ಜನಕ್ಕೆ ಒಂದೇ ಅಚ್ಚಲ್ಲಿ ಹಿಡಿ ಮಾಡ್ತಾರಲ್ಲ ಅತ್ತೆ, ಅವರಿಗೇನು ತಲೆ ಇಲ್ವಾ?"

"ಅವರಿಗೆ ತಲೆ ಇದೆ ಕಣೇ, ಎದುರಿಗೆ ಕೈ ಇಲ್ಲ. ಕೊಂಜ ಬಾಯಿ ಮುಚ್ಚಿ ಟಾರ್ಚ್ ಹಿಡಿ."

ಒಮ್ಮೆ ಎದುರುಮನೆಯ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ಮಿಕ್ಸಿ ಜಾರ್ ತಂದರು. ಕೈಗೆ ಹಿಟ್ಟು ಬಿದ್ದದ್ದೇ, "ಎನ್ನಡೀ ವಿಶಾಲಂ, ಮಿಕ್ಸಿಗೂ ಜೋಸ್ಯಮಾ?" ಎಂದು ಕಿಚಾಯಿಸಿದರು. ಹಿಡಿಯ ಮೇಲೆ ಬಿದ್ದದ್ದು ಬೆರಳಿನ ಗುರುತಲ್ಲ, ಜಾರಿದ ಗೆರೆ. ಅತ್ತೆ ಹಿಡಿ ಕೂರಿಸಿ, ಅದಕ್ಕೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಟ್ಟರು. ಆ ಜಾರ್ ಪಾಟಿಗಿಂತ ಹೆಚ್ಚು ಕಾಲ ಬಾಳಿತು. ಒಂದು ನಿದರ್ಶನದಿಂದ ಸಿದ್ಧಾಂತ ಆಗುವುದಿಲ್ಲ ಎಂದು ನಾನು ತಳ್ಳಿಹಾಕಿದೆ.

ಆ ವರ್ಷ ನಮ್ಮ ಕುಕ್ಕರಿನ ಹಿಡಿ ಮೂರು ತಿಂಗಳಲ್ಲಿ ಎರಡು ಸಲ ಮುರಿಯಿತು. ಎರಡು ಸಲವೂ ಅಮ್ಮನ ಕೈಯಿಂದ ಬಿದ್ದು. ಎರಡನೆಯ ಸಲ ನಾನೇ ಅಂಗಡಿಯಿಂದ ಹೊಸ ಹಿಡಿ ತಂದು, ಸ್ಕ್ರೂ ಬಿಗಿದು, ಕುಕ್ಕರಿನ ಮುಕ್ಕಾಲು ಭಾಗ ನೀರು ತುಂಬಿ ಅಮ್ಮನೆದುರು ಮೂರು ಬಾರಿ ಎತ್ತಿ ತೋರಿಸಿದೆ. ಪ್ರಯೋಗ, ಫಲಿತಾಂಶ, ತೀರ್ಪು. ಮರುದಿನ ಬೆಳಿಗ್ಗೆ ಕುಕ್ಕರ್ ಮತ್ತೆ ಬಿತ್ತು. ಕುದಿಯುವ ಬೇಳೆ ಅಮ್ಮನ ಪಾದದಿಂದ ಒಂದು ಗೇಣು ದೂರದಲ್ಲಿ ಚೆಲ್ಲಿತು.

"ಹಿಡಿ ಗಟ್ಟಿಯಾಗಿದೆ ಅಂತ ನಿನ್ನೇನೇ ಸಾಬೀತಾಗಿದೆ. ಅಂದ್ಮೇಲೆ ಉಳಿದಿದ್ದು ನಿನ್ನ ಅಜಾಗ್ರತೆ ಒಂದೇ" ಎಂದೆ.

ಅಮ್ಮ ಎದುರಾಡಲಿಲ್ಲ. "ಹೌದು, ಅಜಾಗ್ರತೇನೇ" ಎಂದು ಎಡಗೈಯಲ್ಲಿ ನೆಲ ಒರೆಸತೊಡಗಿದಳು. ಎದುರಾಳಿ ಅಷ್ಟು ಸುಲಭವಾಗಿ ಸೋತರೆ ಅನುಮಾನಪಡಬೇಕೆಂದು ನನಗೆ ಯಾವ ತರಬೇತಿಯೂ ಹೇಳಿಕೊಟ್ಟಿರಲಿಲ್ಲ.

ಸದ್ದು ಕೇಳಿ ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನೆಲದ ಬೇಳೆಯನ್ನೂ ನನ್ನ ಮುಖವನ್ನೂ ನೋಡಿ, "ಏನಮ್ಮಾ ವಕೀಲೆ, ಕೇಸು ಮುಗೀತಾ?" ಎಂದರು. ಸೀದಾ ಅಡುಗೆಮನೆಗೆ ಹೋಗಿ ನಮ್ಮ ಹಿಟ್ಟಿನ ಡಬ್ಬಿಗೇ ಕೈ ಹಾಕಿದರು. ಅಮ್ಮ ಹಿಂದೆ ಸರಿದಳು.

"ಬೇಡ ಅತ್ತಿಗೆ."

"ಕೈ ಕೊಡು ಸುಧಾ. ನಾನೊಂದು ಮಾತೂ ಆಡಲ್ಲ."

ಬಲಗೈಗೆ ಹಿಟ್ಟು ಸವರಿದರು. ಅಮ್ಮ ಖಾಲಿ ಕುಕ್ಕರನ್ನು ಎತ್ತಿ ಇಳಿಸಿದಳು. ಅತ್ತೆ ಕುಕ್ಕರನ್ನು ನನ್ನತ್ತ ತಿರುಗಿಸಿ, "ಎಣಿಸು" ಎಂದರು. ಹಿಡಿಯ ಕೆಳಗೆ ನಾಲ್ಕು ಬೆರಳು. ಮೇಲೆ ಹೆಬ್ಬೆರಳು ಇರಬೇಕಾದ ಜಾಗ ಕಪ್ಪಗೇ ಇತ್ತು.

ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಹೆಬ್ಬೆರಳಲ್ಲಿ ಬಲವಿಲ್ಲದೆ ಏಳೆಂಟು ತಿಂಗಳಾಗಿತ್ತಂತೆ, ರಾತ್ರಿ ಅಂಗೈ ಜೋಮು ಹಿಡಿಯುತ್ತಿತ್ತಂತೆ. ಶಾಲೆಯಲ್ಲಿ ಲೆಕ್ಕದ ಟೀಚರ್, ಇನ್ನೂ ಕಾಯಂ ಆಗಿರಲಿಲ್ಲ. "ಚಾಕ್ ಹಿಡಿಯೋಕೆ ಬರ್ದೇ ಇರೋ ಟೀಚರು ಯಾರಿಗೆ ಬೇಕು?" ಎಂದಳು, ನನ್ನನ್ನಲ್ಲ, ಅತ್ತೆಯನ್ನು ನೋಡುತ್ತ.

ಅತ್ತೆ ಆಡಿದ್ದು ಒಂದೇ ಮಾತು: "ಹಿಡಿ ನಾನು ನೋಡ್ಕೋತೀನಿ. ಕೈನ ಡಾಕ್ಟರ್ ನೋಡ್ಲಿ."

ಬಿದ್ದು ಬಿರುಕುಬಿಟ್ಟಿದ್ದ ನನ್ನ ಹೊಸ ಹಿಡಿಯನ್ನು ಬದಲಾಯಿಸಿ, ಎದುರುಬದಿಯ ಪುಟ್ಟ ಹಿಡಿಯನ್ನೂ ಬಿಚ್ಚಿ ಅಲ್ಲಿ ದೊಡ್ಡದೊಂದನ್ನು ಕೂರಿಸಿದರು, ಅಮ್ಮ ಎರಡೂ ಕೈಯಲ್ಲಿ ಎತ್ತಲೆಂದು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಇನ್ನೂ ತಡಮಾಡಿದ್ದರೆ ಹೆಬ್ಬೆರಳು ಮತ್ತೆ ಚೇತರಿಸಿಕೊಳ್ಳುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ನಿನ ಬ್ಯಾಂಡೇಜು ಬಿಚ್ಚುವ ಮುನ್ನ ಅಮ್ಮ ಇನ್ನೊಂದು ವಿಷಯ ಬಾಯಿಬಿಟ್ಟಳು. ಅತ್ತೆಗೆ ಮೊದಲೇ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಬಾ ಎಂದು ತಿಂಗಳುಗಟ್ಟಲೆ ಕಾಡಿದ್ದರು. ಯಾರಿಗೂ ಹೇಳಕೂಡದೆಂದು ಅಮ್ಮ ಅವರಿಂದ ಆಣೆ ಹಾಕಿಸಿಕೊಂಡಿದ್ದಳು. ಅಂದರೆ ಆ ದಿನದ ಹಿಟ್ಟು ಕುಕ್ಕರಿಗಾಗಿ ಅಲ್ಲ, ನನಗಾಗಿ.

ಎರಡು ವರ್ಷದ ನಂತರ ಅತ್ತೆಯ ಹೃದಯ ದುರ್ಬಲವಾಯಿತು. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನಾನು ಹಾಸ್ಟೆಲಿನಿಂದ ಬಂದು ಪಕ್ಕದಲ್ಲಿ ಕೂತೆ. ಅದೇ ಕೊನೆಯ ಭೇಟಿಯಾಯಿತು. ಅಷ್ಟು ದಿನ ಬಾಯಲ್ಲೇ ಇದ್ದ ಪ್ರಶ್ನೆಯನ್ನು ಅಂದು ಕೇಳಿದೆ: "ಅಮ್ಮನ ಕೈಗಿಂತ ಆಣೆ ದೊಡ್ಡದಾ ಅತ್ತೆ? ನಂಗೆ ನೇರವಾಗಿ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಆಣೆ ಅತ್ಲಾಗಿರ್ಲಿ" ಎಂದು ಉಸಿರೆಳೆದುಕೊಂಡರು. "ಹೇಳಿದ್ರೆ ನೀನು ವಾದಕ್ಕೆ ನಿಲ್ತಿದ್ದೆ. ನಿಮ್ಮಮ್ಮ ಏನೂ ಇಲ್ಲ ಅಂತ ನಿನ್ನ ಕಡೆಗೇ ಸಾಕ್ಷಿ ಹೇಳ್ತಿದ್ಲು. ಗೆದ್ದೂ ಬಿಡ್ತಿದ್ದೆ."

ಅಷ್ಟರಲ್ಲಿ ಅಮ್ಮ ಫ್ಲಾಸ್ಕ್ ಹಿಡಿದು ಒಳಗೆ ಬಂದಳು. ಅದನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ಬಿರಡೆ ತಿರುಗಿಸಿ ತೆಗೆದು, ಅತ್ತೆಯ ಲೋಟಕ್ಕೆ ಕಾಫಿ ಬಗ್ಗಿಸಿದಳು. ಅತ್ತೆ ಕಾಫಿಯ ಕಡೆ ನೋಡಲೇ ಇಲ್ಲ. ಬಿರಡೆ ಮತ್ತೆ ಬಿಗಿಯಾಗುವವರೆಗೂ ಅವರ ಕಣ್ಣು ಅಮ್ಮನ ಹೆಬ್ಬೆರಳ ಮೇಲೇ ಇತ್ತು.