ಕರಿಕಿವಿಯ ಮಕ್ಕಳು

ದೊಡ್ಡವ್ವನ ಬಲಗೈ ಹೆಬ್ಬೆರಳಿಗೆ ಸದಾ ಕೆಮ್ಮಣ್ಣು ಅಂಟಿರುತ್ತಿತ್ತು. ಕುರಿಗಳ ಬೆನ್ನಿಗೆ ಗುರುತು ಹಚ್ಚಿ ಹಚ್ಚಿ ಉಗುರಿನ ಸಂದಿಗೆ ಇಳಿದ ಬಣ್ಣ ಅದು. ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ನನ್ನ ಫೋನಿನ ಪರದೆಯಿಂದ ಆ ಹೆಬ್ಬೆರಳಿನ ಗುರುತನ್ನು ಎಷ್ಟು ಸಲ ಬೈದುಕೊಂಡು ಒರೆಸಿದ್ದೇನೋ!

ಹಾಲಹರವಿಯಲ್ಲಿ ನಮ್ಮ ಮನೆಯ ಹಿಂದೆಯೇ ಅವಳ ಕುರಿರೊಪ್ಪ. ರಕ್ತಸಂಬಂಧವೇನಲ್ಲ, ಆದರೆ ನನಗೆ ಬುದ್ಧಿ ಬಂದಾಗಿನಿಂದ ಅವಳು ದೊಡ್ಡವ್ವ. ಸಂಜೆ ಮಂದೆ ಬಂದಾಗ ಅವಳು ತಲೆ ಎಣಿಸುತ್ತಿರಲಿಲ್ಲ. ಯಾವ ಮರಿ ಯಾವ ಕೆಚ್ಚಲಿಗೆ ಬಾಯಿ ಹಾಕಿತೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾವುದಾದರೂ ತಾಯಿ ಕೂಗುತ್ತಲೇ ಇದ್ದರೆ ಅದರ ಮರಿ ಬಂದಿಲ್ಲವೆಂದು ಹುಡುಕಲು ಹೊರಡುತ್ತಿದ್ದಳು.

ನಾನು ಆದೋನಿಯಲ್ಲಿ ಕುರಿ ಸಾಕುವವರ ಸಂಘವೊಂದಕ್ಕೆ ವೆಬ್ ಅಪ್ಲಿಕೇಶನ್ ಮಾಡುತ್ತಿದ್ದೆ. ದೊಡ್ಡವ್ವನೂ ಆ ಸಂಘದವಳೇ. ಡೇಟಾಬೇಸಿನಲ್ಲಿದ್ದ ಕುರಿಗಳನ್ನು ವಂಶವೃಕ್ಷವಾಗಿ ತೋರಿಸಬೇಕಿತ್ತು. ಒಂದು ಹೆಸರು ಒತ್ತಿದರೆ ಅದರ ಮಕ್ಕಳು, ಮಕ್ಕಳನ್ನು ಒತ್ತಿದರೆ ಮೊಮ್ಮಕ್ಕಳು ತೆರೆದುಕೊಳ್ಳಬೇಕು. ನಾನು ಟಗರನ್ನು ಬುಡಕ್ಕಿಟ್ಟು ಮಾಡಿದ್ದೆ. ತೋರಿಸಿದರೆ ದೊಡ್ಡವ್ವ ಸೆರಗು ಬಾಯಿಗಿಟ್ಟು ನಕ್ಕಳು.

"ಲೇ ಹುಡುಗಿ, ಅಪ್ಪ ಯಾವುದಂತ ಯಾರು ನೋಡ್ಯಾರ? ನಾಕು ಮಂದೆ ಕೂಡಿ ಮೇಯ್ತಾವು. ತಾಯಿ ಯಾವುದಂತ ಕೇಳು, ಹೇಳ್ತೀನಿ."

ಓದಿದವಳೆಂಬ ನನ್ನ ಜಂಬ ಅಲ್ಲೇ ಇಳಿಯಿತು. ಎರಡು ದಿನ ಕೂತು, ಮರವನ್ನು ತಾಯಿಯಿಂದ ತೆರೆಯುವಂತೆ ಬದಲಿಸಿದೆ.

ಸಂಘದವರು ತಳಿಗಾಗಿ ಟಗರುಮರಿಗಳನ್ನು ಆರಿಸುವ ಹಿಂದಿನ ದಿನ ಕರಿಕಿವಿ ಎಂಬ ಅವಳ ಮುದಿ ಕುರಿ ಸತ್ತಿತು. ನಾನು ಹೆಸರಿನ ಪಕ್ಕದ 'ಅಳಿಸು' ಒತ್ತಿದೆ. ಕರಿಕಿವಿಯ ಜೊತೆಗೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಪರದೆಯಿಂದ ಮಾಯವಾದವು. ದೊಡ್ಡವ್ವ ಆಸೆಯಿಂದ ಬೆಳೆಸಿದ್ದ ಟಗರುಮರಿ ಅದೇ ವಂಶದ್ದು. ತಾಯಿ ಕಡೆಯ ದಾಖಲೆಯಿಲ್ಲದ ಮರಿಯನ್ನು ಸಂಘದವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನನ್ನ ಹತ್ತಿರ ನಕಲೂ ಇರಲಿಲ್ಲ. ಅಳುಮೋರೆ ಹಾಕಿಕೊಂಡು ಹೋಗಿ ಹೇಳಿದೆ.

"ಸತ್ತಾಕಿ ಕರಿಕಿವಿ ಒಬ್ಬಾಕಿ," ಎಂದಳು ದೊಡ್ಡವ್ವ. "ಮಕ್ಳೆಲ್ಲ ರೊಪ್ಪದಾಗ ಸೊಪ್ಪು ತಿನ್ನಾಕ ಹತ್ಯಾವು. ನಿನ್ ಫೋನಿನ್ಯಾಗ ಅವು ಯಾಕ ಸಾಯ್ಬೇಕು? ಸರ್ಲೇ, ಕುಂದ್ರು. ಬರ್ಕೋ."

ಬೇವಿನ ನೆರಳಲ್ಲಿ ಕೂತು ಒಂದೊಂದೇ ಕುರಿಯನ್ನು ಬೊಟ್ಟು ಮಾಡಿ ತೋರಿಸುತ್ತ ನಾಲ್ಕು ತಲೆಮಾರು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಎಲ್ಲವನ್ನೂ ಮತ್ತೆ ಸೇರಿಸಿದೆ. ಸತ್ತ ಕುರಿಯನ್ನು ಅಳಿಸುವ ಬದಲು ಅದರ ಹೆಸರು ಬೂದು ಬಣ್ಣಕ್ಕೆ ತಿರುಗಿ, ಮಕ್ಕಳೆಲ್ಲ ಅದರ ಕೆಳಗೇ ಉಳಿಯುವಂತೆ ಮಾಡಿದೆ. ಮರುದಿನ ಅವಳ ಟಗರುಮರಿ ಆಯ್ಕೆಯಾಯಿತು. ದೊಡ್ಡವ್ವ ಅದರ ಹಣೆಗೆ ಕೆಮ್ಮಣ್ಣು ಬಳಿದು, ಅದೇ ಕೈಯಲ್ಲಿ ನನ್ನ ಹಣೆಗೂ ಬಳಿದಳು. ಆದೋನಿ ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಕಳೆದ ವರ್ಷ ದೊಡ್ಡವ್ವ ತೀರಿಕೊಂಡಳು. ಮಂದೆ ಸೊಸೆಯ ಕೈಗೆ ಬಂತು. ಸಂಘದ ಕಚೇರಿಯವರು ಮಂದೆಯ ಒಡತಿಯ ಜಾಗದಲ್ಲಿ ಹಳೆಯ ಹೆಸರು ತೆಗೆದು ಸೊಸೆಯ ಹೆಸರು ಹಾಕೆಂದರು. ನನಗೆ ಕೈ ಬರಲಿಲ್ಲ. ದೊಡ್ಡವ್ವನ ಹೆಸರನ್ನು ಬೂದು ಮಾಡಿ, ಸೊಸೆಯ ಹೆಸರನ್ನು ಅದರ ಕೆಳಗಿಟ್ಟೆ.

ಊರಿಗೆ ಹೋದಾಗ ಸೊಸೆಗೆ ಫೋನ್ ಕೊಟ್ಟೆ. ಆಕೆ ಅತ್ತೆಯ ಹೆಸರು ಒತ್ತಿದಳು, ಆಮೇಲೆ ತನ್ನದು. ಕುರಿಗಳೆಲ್ಲ ಒಂದರ ಕೆಳಗೊಂದು ತೆರೆದುಕೊಂಡವು. ಕೊನೆಯವರೆಗೂ ಬೆರಳಾಡಿಸಿ ನೋಡಿದಳು.

"ಎಲ್ಲಾ ಅದಾವಕ್ಕ," ಎಂದು ಫೋನ್ ನನ್ನ ಕೈಗಿಟ್ಟು ರೊಪ್ಪದ ಬಾಗಿಲು ತೆಗೆಯಲು ಹೋದಳು.

ಪರದೆಯ ಮೇಲೆ ಕೆಮ್ಮಣ್ಣು ಹತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವತ್ತು ಅದನ್ನು ಒರೆಸಲಿಲ್ಲ.